ಫೋಟೊ ನೋಡಿ ಟ್ರೈಕೊಗ್ರಾಮದ ಜಾತಿ ಹೇಳಲಾಗದು

ಪ್ರಶ್ನೆ: ಕಬ್ಬಿನ ಗೆಣ್ಣು ಕೊರಕಕ್ಕೆಂದು ತಂದ ಟ್ರೈಕೋ ಕಾರ್ಡಿನಿಂದ (ಒಳಗೆ ಟ್ರೈಕೊಗ್ರಾಮ ಕಣಜ ಬೆಳೆಯುತ್ತಿರುವ ಅಕ್ಕಿ ಪತಂಗದ ಮೊಟ್ಟೆಗಳನ್ನು ಅಂಟಿಸಿದ ಕಾರ್ಡು) ಕಪ್ಪನೆಯ ಕಣಜಗಳು ಬಂದಿವೆ. ಫೋಟೊ ಕಳಿಸಿದ್ದೇನೆ. ಇವು ಟ್ರೈಕೊಗ್ರಾಮದ ಚಿಲೋನಿಸ್ ಜಾತಿಯೋ, ಜಪಾನಿಕಮ್ಮೋ?
– ಪಾಂಡವಪುರದ ಓದುಗರು

ಉತ್ತರ: ಎಷ್ಟು ಸಲ ಹೇಳಿದರೂ ಮತ್ತೆ ಫೋಟೊಗಳೇ ಬರುತ್ತವೆ. ಸುಮಾರು ಅರ್ಧ ಮಿಲಿಮೀಟರ್ ಉದ್ದದ ಕಣಜದ ಜಾತಿಯನ್ನು ಮೊಬೈಲಿನಲ್ಲಿ ನೋಡಿ ಹೇಳುವವರನ್ನು ನಂಬಬೇಡಿ. ಜಪಾನಿಕಮ್ ಕಪ್ಪಗಿರುವುದು ನಿಜ. ಆದರೆ ತಂಪಿನಲ್ಲಿ ಬೆಳೆದ ಚಿಲೋನಿಸ್ ಕೂಡ ಕಪ್ಪಾಗುತ್ತದೆ. ಗಾತ್ರವೂ ಗುರುತಲ್ಲ. ಅಕ್ಕಿ ಪತಂಗದ ಒಂದೇ ಮೊಟ್ಟೆಯಲ್ಲಿ ಎರಡು ಬೆಳೆದರೆ ಎರಡೂ ಕುಳ್ಳಾಗುತ್ತವೆ.

ನೋಡಬೇಕಾದದ್ದು ಗಂಡಿನ ಜನನಾಂಗ. ಅದರ ಮಹತ್ವವನ್ನು 1971ರಲ್ಲಿ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ತೋರಿಸಿಕೊಟ್ಟರು. ಹಿಂದೆ ನಮ್ಮ ಚಿಲೋನಿಸ್‌ಗೆ ಆಸ್ಟ್ರಾಲಿಕಮ್ ಎಂಬ ತಪ್ಪು ಹೆಸರಿತ್ತು.

ಕಾರ್ಡಿನ ಹೆಬ್ಬೆರಳಗಲದ ತುಂಡನ್ನು ಗಾಜಿನ ನಳಿಗೆಯಲ್ಲಿಟ್ಟು ಹತ್ತಿಯಿಂದ ಮುಚ್ಚಿ. ಗಂಡುಗಳು ಸಾಮಾನ್ಯವಾಗಿ ಮೊದಲು ಹೊರಬರುತ್ತವೆ. ಅವುಗಳ ಮೀಸೆಯಲ್ಲಿ ಉದ್ದ ಕೂದಲಿರುತ್ತದೆ, ಹೆಣ್ಣಿನ ಮೀಸೆಯ ತುದಿ ಗದೆಯಂತೆ. ಹತ್ತು ಗಂಡುಗಳನ್ನಾದರೂ 95% ಆಲ್ಕೋಹಾಲಿಗೆ ಹಾಕಿ ಫ್ರೀಜರಿನಲ್ಲಿಡಿ. ಫಾರ್ಮಲಿನ್ ಬೇಡವೇ ಬೇಡ, ಡಿಎನ್‌ಎ ಕೆಡುತ್ತದೆ. ಊರು, ದಿನಾಂಕ, ಕಾರ್ಡಿನ ಮೂಲವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಒಳಗೇ ಇರಲಿ. ಪೆನ್ನಿನ ಶಾಯಿ ಕರಗುತ್ತದೆ. ಗುರುತಿಸಲು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋವನ್ನು ಕೇಳಿ.

ಲ್ಯಾಬಿನವರಿಗೆ ಒಂದು ಮಾತು: ಕಣಜವನ್ನು ಅರೆಯಬೇಡಿ. ಇಡೀ ದೇಹವನ್ನು ಪ್ರೋಟಿನೇಸ್-ಕೆ (ಪ್ರೋಟೀನ್ ಕರಗಿಸುವ ಕಿಣ್ವ) ದ್ರಾವಣದಲ್ಲಿ 56 ಡಿಗ್ರಿಯಲ್ಲಿಟ್ಟರೆ ಮೆದು ಭಾಗ ಕರಗಿ ಡಿಎನ್‌ಎ ಸಿಗುತ್ತದೆ, ಹೊರಕವಚ ಉಳಿಯುತ್ತದೆ. ಅದೇ ಕವಚವನ್ನು ಸ್ಲೈಡಿಗೇರಿಸಿ 400 ಪಟ್ಟು ಹಿಗ್ಗಿಸಿ ನೋಡಿ. ಅರೆದುಬಿಟ್ಟರೆ ಅನುಮಾನ ಬಂದಾಗ ತಿರುಗಿ ನೋಡಲು ಏನೂ ಇರದು.

ಬರೀ ಹೆಣ್ಣುಗಳೇ ಬಂದರೆ? ವೊಲ್ಬಾಕಿಯಾ ಬ್ಯಾಕ್ಟೀರಿಯಾ ಸೇರಿದ ತಳಿಗಳಲ್ಲಿ ಗಂಡೇ ಹುಟ್ಟದಿರಬಹುದು. ಆಗ ಡಿಎನ್‌ಎಯ ಐಟಿಎಸ್-2 ಎಂಬ ಭಾಗವನ್ನು ಓದಿಸಬೇಕು. ಮೈಟೊಕಾಂಡ್ರಿಯಾದ ಸಿಒಐ ಎಂಬ ಜೀನ್ ಒಂದನ್ನೇ ನೆಚ್ಚಬೇಡಿ. ಅದೂ ಈ ಬ್ಯಾಕ್ಟೀರಿಯಾವೂ ತಾಯಿಯಿಂದಲೇ ಇಳಿಯುವುದರಿಂದ ಬ್ಯಾಕ್ಟೀರಿಯಾದ ಜೊತೆ ಒಂದೇ ಬಗೆಯ ಸಿಒಐ ಹರಡಿ ದಾರಿ ತಪ್ಪಿಸಬಲ್ಲದು.

ಪ್ರಶ್ನೆ: ಡಿಎನ್‌ಎ ದತ್ತಕೋಶದ ಮಾದರಿಯೊಂದಕ್ಕೆ 99% ಹೊಂದಿದೆ. ಇನ್ನು ಸ್ಲೈಡ್ ಯಾಕೆ?

ಉತ್ತರ: ದತ್ತಕೋಶಕ್ಕೆ ಹಾಕಿದವರೇ ಹೆಸರು ತಪ್ಪಿದ್ದರೆ, ನಿಮ್ಮದು ಹೊಂದಿರುವುದೂ ಆ ತಪ್ಪು ಹೆಸರಿಗೇ.

ಪ್ರಶ್ನೆ: 'ಎಲ್ಲ ಕೊರಕಕ್ಕೂ ಒಂದೇ ಡಿಎನ್‌ಎ ಕಣಜ' ಎಂದು ಮಾರುತ್ತಿದ್ದಾರೆ, ತರಲೇ?

ಉತ್ತರ: ತರಬೇಡಿ, ಅದು ಮೋಸ. ಟ್ರೈಕೊಗ್ರಾಮ ಮೊಟ್ಟೆಯನ್ನಷ್ಟೇ ಕೊಲ್ಲುತ್ತದೆ. ಕಬ್ಬಿನೊಳಗೆ ಹೊಕ್ಕ ಹುಳುವನ್ನು ಮುಟ್ಟುವುದೇ ಇಲ್ಲ.