ಹೊಲ ಬಿಡದೆ 18 ವರ್ಷ ಸೆನೆಟರ್: ಮೊಂಟಾನಾದ ಜಾನ್ ಟೆಸ್ಟರ್

ಅಮೆರಿಕದ ಸೆನೆಟ್‌ನಲ್ಲಿ, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಯಲ್ಲಿ, ನಿಜವಾಗಿ ಬೇಸಾಯ ಮಾಡುವವರು ಯಾರಾದರೂ ಇದ್ದರಾ, ಇಲ್ಲ ಬರೀ ವಕೀಲರು, ದುಡ್ಡಿದ್ದವರೇನಾ ಅಂತ ಕೇಳಿದ್ದೀರಿ. ಇದ್ದರು. ನಾನು ಅಲ್ಲಿನ ಚುನಾವಣೆಗಳನ್ನು ಸುಮ್ನೆ ಕುತೂಹಲಕ್ಕೆ ನೋಡುತ್ತಾ ಬಂದವನು. ನನಗೆ ಮೊದಲು ನೆನಪಾಗುವ ಹೆಸರು ಮೊಂಟಾನಾ ರಾಜ್ಯದ ಜಾನ್ ಟೆಸ್ಟರ್. 2007ರಿಂದ 2025ರ ಜನವರಿವರೆಗೆ ಸೆನೆಟರ್ ಆಗಿದ್ದರು, ಡೆಮಾಕ್ರಟಿಕ್ ಪಕ್ಷದವರು.

ನಮ್ಮಲ್ಲೂ ಅಫಿಡವಿಟ್‌ನಲ್ಲಿ ‘ಕೃಷಿ’ ಅಂತ ಬರೆಯುವ ರಾಜಕಾರಣಿಗಳಿಗೆ ಬರವಿಲ್ಲ. ಇವರು ಆ ಥರದವರಲ್ಲ. ಬಿಗ್ ಸ್ಯಾಂಡಿ ಅನ್ನುವ ಚಿಕ್ಕ ಊರಿನ ಹತ್ತಿರ ಅಜ್ಜನ ಕಾಲದ ಹೊಲ. ಸುಮಾರು 1,800 ಎಕರೆ. ನಮಗೆ ಇದು ಜಮೀನ್ದಾರಿಕೆ ಅನ್ನಿಸುತ್ತದೆ, ಆದರೆ ಮಳೆ ಕಡಿಮೆ ಇರುವ ಆ ಬಯಲಿನಲ್ಲಿ ಇದು ದೊಡ್ಡ ಹಿಡುವಳಿಯೇನಲ್ಲ. ಗೋಧಿ, ಬಾರ್ಲಿ, ಬಟಾಣಿ, ಮಸೂರ ಬೆಳೆಯುತ್ತಾರೆ, ಅದೂ ಸಾವಯವದಲ್ಲಿ. ಮನೆಯಲ್ಲೇ ಮಾಂಸದಂಗಡಿ ಇತ್ತು. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಮಾಂಸ ಅರೆಯುವ ಯಂತ್ರಕ್ಕೆ ಸಿಕ್ಕಿ ಎಡಗೈಯ ಮೂರು ಬೆರಳು ಹೋದವು. ಆದರೂ ಟ್ರಂಪೆಟ್ ಕಲಿತು, ಸಂಗೀತದಲ್ಲಿ ಪದವಿ ಪಡೆದು, ಊರಿನ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾದರು. ಆಮೇಲೆ ಶಾಲಾ ಮಂಡಳಿಯ ಸದಸ್ಯರಾದರು.

ಅಲ್ಲಿಂದ ರಾಜಕೀಯಕ್ಕೆ ಹೇಗೆ ಬಂದರು? 1997ರಲ್ಲಿ ಮೊಂಟಾನಾ ಸರ್ಕಾರ ವಿದ್ಯುತ್ ದರದ ಮೇಲಿನ ಹಿಡಿತ ಸಡಿಲಿಸಿತು. ಟೆಸ್ಟರ್‌ಗೆ ಅದು ಸರಿ ಕಾಣಲಿಲ್ಲ. 1998ರಲ್ಲಿ ರಾಜ್ಯದ ಸೆನೆಟ್‌ಗೆ ನಿಂತು ಗೆದ್ದರು. ಇಲ್ಲೊಂದು ಮುಖ್ಯ ವಿಷಯ ಇದೆ. ಮೊಂಟಾನಾದ ಶಾಸನಸಭೆಯ ಮಾಮೂಲಿ ಅಧಿವೇಶನ ನಡೆಯುವುದು ಎರಡು ವರ್ಷಕ್ಕೊಮ್ಮೆ, ಬೆಸ ವರ್ಷಗಳಲ್ಲಿ, ಹೆಚ್ಚೆಂದರೆ 90 ದಿನ. ಜನವರಿಯಲ್ಲಿ ಶುರುವಾಗಿ ವಸಂತದ ಹೊತ್ತಿಗೆ ಮುಗಿಯುತ್ತದೆ. ಹಿಮ ಬಿದ್ದಿರುವಾಗ ಹೊಲದಲ್ಲಿ ಕೆಲಸವಾದರೂ ಏನಿರುತ್ತದೆ? ರೈತನೊಬ್ಬ ಕಸುಬು ಬಿಡದೆ ಶಾಸಕನಾಗಬಹುದು. ವರ್ಷವಿಡೀ ರಾಜಧಾನಿಯಲ್ಲಿ ಕೂರಬೇಕಿದ್ದರೆ ಇಂಥವರು ಮೊದಲ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. 2005ರಲ್ಲಿ ಅವರು ಆ ಸಭೆಯ ಅಧ್ಯಕ್ಷರೂ ಆದರು.

2006ರಲ್ಲಿ ವಾಷಿಂಗ್ಟನ್ನಿನ ಸೆನೆಟ್‌ಗೆ ನಿಂತರು. ಮೂರು ಸಲ ಗೆದ್ದಿದ್ದ ರಿಪಬ್ಲಿಕನ್ ಪಕ್ಷದ ಕಾನ್ರಾಡ್ ಬರ್ನ್ಸ್ ಅವರನ್ನು ಸುಮಾರು 3,500 ಮತಗಳಿಂದ ಸೋಲಿಸಿದರು. ನಮ್ಮ ರಾಜ್ಯಸಭೆಯಲ್ಲಿ ಜನಸಂಖ್ಯೆ ನೋಡಿ ಕರ್ನಾಟಕಕ್ಕೆ 12, ಸಿಕ್ಕಿಂಗೆ 1 ಸ್ಥಾನ ಇದೆ ಅಲ್ವಾ? ಅಲ್ಲಿ ಹಾಗಿಲ್ಲ. ಸುಮಾರು 11 ಲಕ್ಷ ಜನರ ಮೊಂಟಾನಾಕ್ಕೂ ಎರಡೇ, ಸುಮಾರು ನಾಲ್ಕು ಕೋಟಿ ಜನರ ಕ್ಯಾಲಿಫೋರ್ನಿಯಾಕ್ಕೂ ಎರಡೇ. ಇದು ನ್ಯಾಯವೋ ಅಲ್ಲವೋ ಅನ್ನುವ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ.

ಗೆದ್ದ ಮೇಲೂ ವಾರಾಂತ್ಯಕ್ಕೆ ಊರಿಗೆ ಬಂದು ಟ್ರ್ಯಾಕ್ಟರ್ ಹತ್ತುತ್ತಿದ್ದರು. ಫೋಟೋಕ್ಕೆ ಅಷ್ಟೇ ಅಂತ ಹೇಳುವವರಿದ್ದರು. ಆದರೆ ಹೊಲದ ಅನುಭವ ಕಾನೂನಿನಲ್ಲೂ ಕಾಣುತ್ತದೆ. 2011ರ ಜನವರಿಯಲ್ಲಿ ಜಾರಿಗೆ ಬಂದ ಆಹಾರ ಸುರಕ್ಷತಾ ಕಾಯ್ದೆಗೆ ಇವರೊಂದು ತಿದ್ದುಪಡಿ ಸೇರಿಸಿದರು. ವರ್ಷಕ್ಕೆ 5 ಲಕ್ಷ ಡಾಲರಿಗಿಂತ ಕಡಿಮೆ ವಹಿವಾಟು ಮಾಡುತ್ತಾ, ಬಹುಪಾಲು ಮಾಲನ್ನು ನೇರವಾಗಿ ಗ್ರಾಹಕರಿಗೋ ಹತ್ತಿರದ ಅಂಗಡಿ, ಹೋಟೆಲಿಗೋ ಮಾರುವ ಸಣ್ಣ ರೈತರಿಗೆ ದೊಡ್ಡ ಕಂಪನಿಗಳ ನಿಯಮಗಳಿಂದ ವಿನಾಯಿತಿ. ಅದೇ ವರ್ಷ ಮೊಂಟಾನಾ ಕಡೆಯ ತೋಳಗಳನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಿಂದ ತೆಗೆಸುವ ಅಂಶವನ್ನು ಬಜೆಟ್ ಮಸೂದೆಗೆ ಸೇರಿಸಿದರು. ದನ ಸಾಕುವವರು ಖುಷಿಪಟ್ಟರು, ಪರಿಸರವಾದಿಗಳು ಸಿಟ್ಟಾದರು. ಪ್ರಾಣಿಯ ಹಣೆಬರಹ ವಿಜ್ಞಾನಿಗಳು ಹೇಳಬೇಕು, ಸಂಸತ್ತಲ್ಲ ಅನ್ನುವ ಪರಿಸರವಾದಿಗಳ ಮಾತಿನಲ್ಲಿ ಹುರುಳಿತ್ತು. ಕೊನೆಕೊನೆಗೆ ಸೆನೆಟ್‌ನ ಮಾಜಿ ಸೈನಿಕರ ವ್ಯವಹಾರಗಳ ಸಮಿತಿಯ ಅಧ್ಯಕ್ಷರಾಗಿ 2022ರ ಪ್ಯಾಕ್ಟ್ ಕಾಯ್ದೆಗೆ ದುಡಿದರು. ಯುದ್ಧಭೂಮಿಯಲ್ಲಿ ಕಸ ಸುಡುವ ಹೊಂಡಗಳ ಹೊಗೆ ಕುಡಿದು ಕಾಯಿಲೆ ಬಿದ್ದವರ ಚಿಕಿತ್ಸೆಗೆ ದಾರಿ ಮಾಡಿದ ಕಾನೂನು ಅದು. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಇದೇ.

ಹಾಗಾದರೆ ಸೋತಿದ್ದೇಕೆ? ಮೊಂಟಾನಾ ಅಧ್ಯಕ್ಷ ಚುನಾವಣೆಯಲ್ಲಿ ಸಾಮಾನ್ಯವಾಗಿ ರಿಪಬ್ಲಿಕನ್ನರ ಕಡೆ ವಾಲುವ ರಾಜ್ಯ. 2012ರಲ್ಲಿ ಇವರದೇ ಪಕ್ಷದ ಒಬಾಮಾ ಅಲ್ಲಿ ದೊಡ್ಡ ಅಂತರದಲ್ಲಿ ಸೋತ ದಿನವೇ ಟೆಸ್ಟರ್ ಗೆದ್ದರು. 2018ರಲ್ಲಿ ಟ್ರಂಪ್ ಹಲವು ಸಲ ಬಂದು ಇವರ ವಿರುದ್ಧ ಭಾಷಣ ಮಾಡಿದರೂ ಗೆದ್ದರು. ‘ಪಕ್ಷ ಬೇರೆ, ನಮ್ಮ ಜಾನ್ ಬೇರೆ’ ಅಂದುಕೊಂಡು ಮತ ಹಾಕುವವರು ಸಾಕಷ್ಟಿದ್ದರು. ಅಂಥವರು ಈಗ ದೇಶದಾದ್ಯಂತ ಕಡಿಮೆಯಾಗಿದ್ದಾರೆ. ಜೊತೆಗೆ ಮೊಂಟಾನಾಕ್ಕೆ ಹೊರಗಿನಿಂದ ಜಾಸ್ತಿ ಜನ ಬಂದು ನೆಲೆಸಿದ್ದಾರೆ, ಅವರಿಗೆ ಇವರ ಹಳೇ ಪರಿಚಯ ಇಲ್ಲ. 2024ರಲ್ಲಿ ಟ್ರಂಪ್ ಅಲ್ಲಿ ಸುಮಾರು 20 ಶೇಕಡಾ ಅಂತರದಿಂದ ಗೆದ್ದರು. ಟೆಸ್ಟರ್ ಸುಮಾರು 7 ಶೇಕಡಾ ಅಂತರದಿಂದ ರಿಪಬ್ಲಿಕನ್ ಪಕ್ಷದ ಟಿಮ್ ಶೀಹಿ ಎದುರು ಸೋತರು. ತಮ್ಮ ಪಕ್ಷದ ಅಧ್ಯಕ್ಷ ಅಭ್ಯರ್ಥಿಗಿಂತ ಅಷ್ಟು ಮುಂದೆ ಓಡಿದರೂ ಸಾಲಲಿಲ್ಲ.