ಬಂಡೆ ಸಂದಿಯ ನೀಲಿ ಹುಲ್ಲು

ಪ್ರಶ್ನೆ: ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪದಲ್ಲಿ ಬೆಟ್ಟ ಹತ್ತುವಾಗ ಬಂಡೆ ಸಂದಿಯಲ್ಲಿ ಗೇಣುದ್ದದ ಒಂದು ಹುಲ್ಲು ಸಿಕ್ಕಿತು. ತೆಂಡೆ ಕಟ್ಟಿ ಒತ್ತಾಗಿ ಬೆಳೆದಿತ್ತು. ಗರಿ ಸೂಜಿಯಷ್ಟು ಸಣ್ಣ, ಹಸಿರಿಗೆ ನೀಲಿ ಬೆರೆಸಿದ ಬಣ್ಣ. ಜೊತೆಗಿದ್ದವರು ಇದು ಫೆಸ್ಕ್ಯೂ ಅನ್ನೋ ಕುಲದ ಹುಲ್ಲು ಅಂದರು. ಮೂರು ಫೋಟೋ ಕಳಿಸಿದ್ದೇನೆ. ಇದು ಅಲ್ಲಿನ ಹುಲ್ಲೇ ಹೌದಾ?

ಉತ್ತರ: ಅಲ್ಲಿನದೇ. ಆದರೆ ಫೆಸ್ಕ್ಯೂ ಅಲ್ಲ ಅನ್ನಿಸುತ್ತೆ. ನನ್ನ ಓಟು ಪೋವಾ ಅನ್ನೋ ಬೇರೆ ಕುಲದ ಪೋವಾ ಕೊಲೆನ್ಸೊಯಿಗೆ, ಅಲ್ಲಿನ ಜನ ಬ್ಲೂ ಟಸಕ್ ಅನ್ನೋದು ಇದಕ್ಕೇ (ಟಸಕ್ ಅಂದರೆ ತೆಂಡೆ ಕಟ್ಟುವ ಹುಲ್ಲು). 1834ರಲ್ಲಿ ಆ ದೇಶಕ್ಕೆ ಬಂದ, ಅಚ್ಚುಕೂಟ ನಡೆಸುತ್ತಲೇ ಗಿಡಗಳನ್ನೂ ಕಲೆಹಾಕಿದ ವಿಲಿಯಂ ಕೊಲೆನ್ಸೊ ಅವರ ಹೆಸರು ಅದು.

ನಿಮ್ಮ ಸ್ನೇಹಿತರು ಎಡವಿದ್ದು ಬಣ್ಣದಿಂದ. ಕುಂಡದಲ್ಲಿ ಬೆಳೆಸುವ ನೀಲಿ ಫೆಸ್ಕ್ಯೂ ಯುರೋಪಿನದು. ಅದನ್ನು ನೋಡಿ ನೋಡಿ ನೀಲಿ ಕಂಡ ಕೂಡಲೇ ಆ ಹೆಸರು ಬಾಯಿಗೆ ಬರುತ್ತದೆ, ಅಲ್ವಾ? ನ್ಯೂಜಿಲೆಂಡ್‌ನಲ್ಲಿ ಸ್ವಂತದ್ದೇ ಆದ ಫೆಸ್ಕ್ಯೂಗಳಿವೆ, ಅವುಗಳಲ್ಲೊಂದು ಹಾರ್ಡ್ ಟಸಕ್. ಅದು ಹಳದಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಇದಕ್ಕಿಂತ ಎತ್ತರ. ಗರಿಯನ್ನು ತುದಿಯಿಂದ ಬುಡದ ಕಡೆಗೆ ಬೆರಳಲ್ಲಿ ಎಳೆದರೆ ಉಪ್ಪುಕಾಗದದ ಹಾಗೆ ಗರಗರ ಅನ್ನುತ್ತದೆ. ಬ್ಲೂ ಟಸಕ್ ಜಾರುತ್ತದೆ. ಮುಟ್ಟಿ ನೋಡಿದ್ದು ನೆನಪಿದೆಯಾ?

ಇಲ್ಲವಾದರೆ ನಿಮ್ಮ ಮೂರನೇ ಫೋಟೋ ಇದೆಯಲ್ಲ, ತೆನೆಯದ್ದು, ಅದನ್ನು ದೊಡ್ಡದು ಮಾಡಿ ನೋಡಿ. ಪುಟ್ಟ ಪುಟ್ಟ ಹೊಟ್ಟುಗಳು ಬೆನ್ನ ಮೇಲೆ ಮಡಿಕೆಯಾಗಿ ದೋಣಿಯ ಅಡಿಯಂತೆ ಚೂಪಾಗಿವೆ, ತುದಿಯಲ್ಲಿ ಏನೂ ಚಾಚಿಕೊಂಡಿಲ್ಲ. ಹಾರ್ಡ್ ಟಸಕ್ ಆಗಿದ್ದರೆ ಬೆನ್ನು ದುಂಡಗಿರುತ್ತಿತ್ತು, ಪ್ರತಿ ಹೊಟ್ಟಿನ ತುದಿಯಲ್ಲೂ ಗೋಧಿ ತೆನೆಗೆ ಇರುವಂಥ ಮುಳ್ಳು, ಆದರೆ ತೀರಾ ಗಿಡ್ಡದ್ದು, ಕಾಣುತ್ತಿತ್ತು. ನಾನು ಪೋವಾ ಅಂದಿದ್ದು ಮುಖ್ಯವಾಗಿ ಇದನ್ನು ನಂಬಿ.

ಸಿಲ್ವರ್ ಟಸಕ್ ಕೂಡ ಪೋವಾನೇ, ಆದರೆ ಅದು ಜಾಸ್ತಿ ಎತ್ತರ, ಗರಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಜೇಕು ಇರಬಹುದಾ ಅನ್ನೋ ಅನುಮಾನವೂ ಬೇಡ. ಜೇಕಿನ ಕಾಂಡ ಸಾಮಾನ್ಯವಾಗಿ ಮೂರು ಮೂಲೆಯದು, ನಿಮ್ಮ ಫೋಟೋದಲ್ಲಿ ದುಂಡಗಿದೆ.

ಒಂದೇ ಕೊರತೆ, ಬುಡದ ಫೋಟೋ ಇಲ್ಲ. ಎಲ್ಲರೂ ಸುಮ್ನೆ ಮೇಲಿಂದ ತೆಗೆಯುತ್ತಾರೆ! ಗರಿ ಕಾಂಡವನ್ನು ತಬ್ಬಿಕೊಂಡು ಮೇಲೆ ಬಂದು ಬಾಗುತ್ತದಲ್ಲ, ಆ ಕೀಲಿನ ಒಳಗೆ ಪೋವಾಕ್ಕೆ ತೆಳು ಪೊರೆ ಇರುತ್ತದೆ. ಸ್ನೋ ಟಸಕ್ ಅನ್ನೋ ಅಲ್ಲಿನ ಬೇರೆ ಕುಲದ ಹುಲ್ಲುಗಳಿಗೆ ಅದೇ ಜಾಗದಲ್ಲಿ ಕೂದಲಿನ ಸಾಲು. ಬರಿಗಣ್ಣಿಗೆ ಸರಿಯಾಗಿ ಕಾಣದಿದ್ದರೆ 10 ಪಟ್ಟಿನ ಮಸೂರ ಸಾಕು. ಜೊತೆಗಿದ್ದವರ ಫೋನಿನಲ್ಲಿ ಅಂಥ ಫೋಟೋ ಇದ್ದರೆ ಕಳಿಸಿ.