ತಿಳಿದದ್ದನ್ನು ಯಾರಿಗೆ ಹೇಳಬೇಕು?

ಪ್ರಶ್ನೆ: ನಾನು ಇಪ್ಪತ್ತಾರು ವರ್ಷದ ಕ್ರೈಸ್ತ ಯುವತಿ. ಮೈಸೂರಿನ ಎನ್.ಆರ್. ಮೊಹಲ್ಲಾದಲ್ಲಿ ಅಮ್ಮನೊಂದಿಗೆ ಇದ್ದೇನೆ. ಡಿ.ಎಂ.ಎಲ್.ಟಿ. (ಲ್ಯಾಬ್ ತಂತ್ರಜ್ಞಾನದ ಡಿಪ್ಲೊಮಾ) ಮುಗಿಸಿ ಇಲ್ಲಿಯ ಖಾಸಗಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ರಾತ್ರಿ ಪಾಳಿಯಲ್ಲಿ, ಹರ್ನಿಯಾ ಆಪರೇಷನ್ನಿಗೆ ದಾಖಲಾಗಿದ್ದ ಮಂಡ್ಯದ ಯುವಕರೊಬ್ಬರ ರಕ್ತ ಪರೀಕ್ಷಿಸಿದಾಗ ಯಕೃತ್ತಿಗೆ ತಗುಲುವ ಹೆಪಟೈಟಿಸ್ ಬಿ ಸೋಂಕು ಪಾಸಿಟಿವ್ ಬಂತು. ಆಮೇಲೊಂದು ಭಾನುವಾರ ನಮ್ಮ ಚರ್ಚಿನಲ್ಲಿ, ಮದುವೆಗೆ ಮುಂಚಿನ ಭಾನುವಾರಗಳಲ್ಲಿ ಓದುವ ವಿವಾಹ ಪ್ರಕಟಣೆಯಲ್ಲಿ ಅದೇ ಹೆಸರು ಕೇಳಿಸಿತು. ವಧು ನನ್ನೊಡನೆ ಗಾನವೃಂದದಲ್ಲಿ ಹಾಡುವವಳು, ದೋರನಹಳ್ಳಿಯ ಹಬ್ಬಕ್ಕೆ ವರ್ಷವರ್ಷವೂ ಜೊತೆಯಲ್ಲೇ ಹೋಗುವ ಗೆಳತಿ. ಮರುದಿನ ಲ್ಯಾಬಿನ ಕಂಪ್ಯೂಟರಿನಲ್ಲಿ ವಿಳಾಸ ತೆಗೆದು ನೋಡಿದೆ, ಅವರೇ. ‘ಈ ವಿವಾಹಕ್ಕೆ ಅಡ್ಡಿಯಿರುವುದು ಯಾರಿಗಾದರೂ ತಿಳಿದಿದ್ದರೆ ಧರ್ಮಗುರುಗಳಿಗೆ ತಿಳಿಸಬೇಕು’ ಎಂದು ಫಾದರ್ ಓದಿದ್ದು ನನಗೇ ಹೇಳಿದಂತಾಯಿತು. ಇನ್ನೊಂದು ಭಾನುವಾರದ ಪ್ರಕಟಣೆ ಬಾಕಿಯಿದೆ. ಹೇಳಿದರೆ ಕೆಲಸಕ್ಕೆ ದ್ರೋಹ, ಹೇಳದಿದ್ದರೆ ಗೆಳತಿಗೆ ದ್ರೋಹ. ಈ ಕೆಲಸವೇ ಬೇಡ ಎನ್ನಿಸುತ್ತಿದೆ. ಕಾನ್ವೆಂಟ್ ಶಾಲೆಯೊಂದರಲ್ಲಿ ಲ್ಯಾಬ್ ಸಹಾಯಕಿಯ ಕೆಲಸ ಸಿಗುವಂತಿದೆ. ‘ನರ್ಸಿಂಗ್ ಓದು ಅಂದರೆ ಕೇಳಲಿಲ್ಲ’ ಎಂದು ಅಮ್ಮ ಈಗಲೂ ಅನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಮೈಸೂರು

ಉತ್ತರ: ಗೆಳತಿಗೆ ಹೇಳಬೇಡಿ, ಫಾದರ್ ಅವರಿಗೆ ಹೇಳಬೇಡಿ, ಅಮ್ಮನಿಗೂ ಹೇಳಬೇಡಿ. ಹಾಗೆಂದು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕೂರಬೇಕಾಗಿಯೂ ಇಲ್ಲ. ನಿಮಗೆ ತಿಳಿದದ್ದನ್ನು ಕೇಳಿಸಿಕೊಳ್ಳುವ ಹಕ್ಕೂ ಹೊಣೆಯೂ ಇರುವ ಒಬ್ಬರು ನಿಮ್ಮ ಆಸ್ಪತ್ರೆಯಲ್ಲೇ ಇದ್ದಾರೆ. ನಿಮ್ಮ ವರದಿಗಳಿಗೆ ಸಹಿ ಹಾಕುವ ವೈದ್ಯರು. ಅವರ ವಿಷಯಕ್ಕೆ ಬರುವ ಮೊದಲು, ಆ ರಾತ್ರಿ ನೀವು ಕಂಡದ್ದು ಏನು, ಎಷ್ಟು ಎಂಬುದನ್ನು ಇನ್ನೊಮ್ಮೆ ನೋಡೋಣ.

ಶಸ್ತ್ರಚಿಕಿತ್ಸೆಗೆ ಮೊದಲು ಮಾಡುವ ಈ ಪರೀಕ್ಷೆ ಸಾಮಾನ್ಯವಾಗಿ ಕಾರ್ಡ್ ಪರೀಕ್ಷೆ. ಕೆಲವು ಹನಿ ಸೀರಮ್ ಹಾಕಿ, ನಿಗದಿತ ನಿಮಿಷಗಳು ಕಳೆದ ಮೇಲೆ ‘ಸಿ’ ಎದುರು ಒಂದು ಗೆರೆ, ‘ಟಿ’ ಎದುರು ಇನ್ನೊಂದು ಗೆರೆ ಮೂಡಿದರೆ ರಿಯಾಕ್ಟಿವ್, ಅಂದರೆ ಪಾಸಿಟಿವ್, ಎಂದು ಬರೆಯುತ್ತೀರಿ. ಅದು ಜರಡಿ ಹಿಡಿಯುವ ಪರೀಕ್ಷೆಯೇ ಹೊರತು ರೋಗನಿರ್ಣಯವಲ್ಲ. ಎಲೈಸಾ ಮುಂತಾದ ವಿಧಾನದಿಂದ ಖಚಿತಪಡಿಸಿಕೊಂಡ ಮೇಲೂ, ಇದು ಹೊಸದಾಗಿ ತಗುಲಿದ ಸೋಂಕೋ ಹಳೆಯದೋ ಎಂದು ತಿಳಿಯಲು ಬೇರೆ ಪರೀಕ್ಷೆಗಳು ಬೇಕು. ಆರು ತಿಂಗಳು ಕಳೆದರೂ ಪಾಸಿಟಿವ್ ಆಗಿಯೇ ಉಳಿದರೆ ಮಾತ್ರ ಅದನ್ನು ದೀರ್ಘಕಾಲದ ಸೋಂಕು ಎನ್ನುತ್ತಾರೆ. ವಯಸ್ಕರಾದ ಮೇಲೆ ಸೋಂಕು ತಗುಲಿದ ನೂರರಲ್ಲಿ ಸುಮಾರು ತೊಂಬತ್ತೈದು ಮಂದಿ ತಾವಾಗಿಯೇ ಗುಣವಾಗುತ್ತಾರೆ. ಕೆಲವು ದಿನಗಳ ಹಿಂದಷ್ಟೇ ಇದರ ಲಸಿಕೆ ಹಾಕಿಸಿಕೊಂಡವರಲ್ಲಿ ಲಸಿಕೆಯಿಂದಲೇ ಪರೀಕ್ಷೆ ಪಾಸಿಟಿವ್ ಬರುವುದೂ ಉಂಟು. ಇದೆಲ್ಲ ನೀವು ಓದಿ ಪಾಸಾದ ಪಾಠವೇ. ಆದರೆ ಪ್ರಕಟಣೆ ಕಿವಿಗೆ ಬಿದ್ದ ಕ್ಷಣದಲ್ಲಿ ಲ್ಯಾಬಿನ ಹುಡುಗಿ ಹಿಂದೆ ಸರಿದು ಗೆಳತಿ ಮುಂದೆ ಬಂದಳು, ಒಂದು ಕಾರ್ಡಿನ ಗೆರೆ ಒಬ್ಬ ಮನುಷ್ಯನ ಪೂರ್ತಿ ಭವಿಷ್ಯದಂತೆ ಕಂಡಿತು.

ಸೋಂಕು ನಿಜವೇ ಎಂದಿಟ್ಟುಕೊಂಡರೂ ನಿಮ್ಮ ಗೆಳತಿಗೆ ಅದರಿಂದ ರಕ್ಷಣೆಯಿದೆ. ಲಸಿಕೆಯ ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು, ಅಲ್ಲಿಯವರೆಗೆ ಕಾಂಡೋಮ್, ಮುಂದೆ ಮಗುವಾದರೆ ಹುಟ್ಟಿದ ಇಪ್ಪತ್ನಾಲ್ಕು ಗಂಟೆಯೊಳಗೆ ಅದಕ್ಕೂ ಲಸಿಕೆ. ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡರೆ ಹರಡುವ ಕಾಯಿಲೆ ಇದಲ್ಲ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇದರ ತಪಾಸಣೆ, ಚಿಕಿತ್ಸೆ ಉಚಿತವಾಗಿಯೂ ಸಿಗುತ್ತವೆ. ಮದುವೆ ನಿಲ್ಲಿಸಬೇಕಾದ ಕಾಯಿಲೆ ಇದಲ್ಲ. ಆದರೆ ಈ ಮಾತು ತಪ್ಪು ಬಾಯಿಂದ ತಪ್ಪು ಕಿವಿಗೆ ಬಿದ್ದರೆ ಮದುವೆ ನಿಲ್ಲುವುದು ಖಂಡಿತ, ಮೈಸೂರಿನಿಂದ ಮಂಡ್ಯದವರೆಗೆ ನೆಂಟರ ಬಾಯಲ್ಲಿ ಅದು ಏನೇನಾಗಿ ಬೆಳೆಯುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಫಾದರ್ ಓದಿದ ವಾಕ್ಯ ನಿಮ್ಮನ್ನು ಬಹಳ ಕಾಡಿದೆ. ಅಡ್ಡಿ ತಿಳಿದವರು ಅದನ್ನು ತಿಳಿಸಲು ಬದ್ಧರು ಎಂಬುದು ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 1069ನೆಯ ವಿಧಿಯ ಮಾತು, ನಿಜ. ಆದರೆ ಅಲ್ಲಿ ಅಡ್ಡಿ ಎಂದರೆ ಸಂಹಿತೆಯೇ ಹೆಸರಿಸಿದ ಅಡ್ಡಿಗಳು: ವಯಸ್ಸು ಸಾಲದಿರುವುದು, ಹಿಂದಿನ ಮದುವೆ ಊರ್ಜಿತದಲ್ಲಿರುವುದು, ಹತ್ತಿರದ ರಕ್ತಸಂಬಂಧ, ಧರ್ಮಗುರುವಾಗಿ ದೀಕ್ಷೆ ಪಡೆದಿರುವುದು, ಇಂಥವು. ರಕ್ತದಲ್ಲಿರುವ ವೈರಾಣು ಆ ಪಟ್ಟಿಯಲ್ಲಿಲ್ಲ. ದಾಂಪತ್ಯವನ್ನೇ ಗಾಢವಾಗಿ ಕದಡಬಲ್ಲ ಗುಣವೊಂದರ ವಿಷಯದಲ್ಲಿ ಬೇಕೆಂದೇ ಮೋಸಮಾಡಿ ಒಪ್ಪಿಗೆ ಪಡೆದರೆ ಆ ವಿವಾಹ ಅಸಿಂಧು ಎಂದು 1098ನೆಯ ವಿಧಿ ಹೇಳುತ್ತದೆ. ಆದರೆ ಅಲ್ಲಿ ಲೆಕ್ಕ ಕೊಡಬೇಕಾದವರು ಮುಚ್ಚಿಟ್ಟವರು, ನೀವಲ್ಲ. ಮೇಲಾಗಿ ಆ ಯುವಕ ಮುಚ್ಚಿಟ್ಟಿದ್ದಾರೆ ಎಂದು ನಿಮಗೆ ಹೇಗೆ ಗೊತ್ತು? ವೈದ್ಯರು ಅವರಿಗೆ ವಿವರಿಸಿ, ಅವರು ನಿಮ್ಮ ಗೆಳತಿಗೆ ಹೇಳಿ, ಇಬ್ಬರೂ ಕೂತು ಮಾತಾಡಿ, ಮೊದಲ ಡೋಸ್ ಈಗಾಗಲೇ ಹಾಕಿಸಿಕೊಂಡು ಬಂದಿರಬಹುದು. ಅಂಥ ಮಾತನ್ನು ಅವಳು ಗಾನವೃಂದದ ಅಭ್ಯಾಸದ ನಡುವೆ ನಿಮ್ಮ ಹತ್ತಿರ ಹೇಳಿಕೊಳ್ಳಲಾರಳು.

ಮನಸ್ಸು ಭಾರವಾಗಿ ಪಾಪನಿವೇದನೆಗೆ ಹೋಗುವುದಾದರೆ ಹೋಗಿ. ನಿಮ್ಮ ತಳಮಳವನ್ನು ಹೇಳಿಕೊಳ್ಳಿ. ಹೆಸರು, ಊರು, ಗುರುತು ಹೇಳಬೇಡಿ. ಅಲ್ಲಿ ಕೇಳಿದ್ದನ್ನು ಗುರುಗಳು ಎಂದೆಂದಿಗೂ ಹೊರಗೆ ಬಿಡುವಂತಿಲ್ಲ, ಆದರೆ ಇನ್ನೊಬ್ಬರ ಕಾಯಿಲೆಯನ್ನು ಅವರ ಕಿವಿಗೆ ಹಾಕಿ ಬರುವುದು ನಿಮ್ಮ ನಿವೇದನೆಯಲ್ಲ.

ಈಗ ಮಾಡಬೇಕಾದದ್ದು. ಮುಂದಿನ ಭಾನುವಾರಕ್ಕೆ ಕಾಯದೆ, ನಿಮ್ಮ ಲ್ಯಾಬಿನ ಮುಖ್ಯಸ್ಥರಾದ ವೈದ್ಯರನ್ನು, ಪೆಥಾಲಜಿಸ್ಟ್ ಇರಲಿ ಮೈಕ್ರೊಬಯಾಲಜಿಸ್ಟ್ ಇರಲಿ, ಅವರ ಕೊಠಡಿಯಲ್ಲಿ ಒಬ್ಬರನ್ನೇ ಕಂಡು ಮಾತಾಡಿ. ಹೆಸರಿನ ಬದಲು ಸ್ಯಾಂಪಲ್ ನಂಬರನ್ನು ಕೊಡಿ. ‘ಸರ್, ಈ ರೋಗಿಯ ಮದುವೆ ಗೊತ್ತಾಗಿದೆ, ವಧು ನನಗೆ ಪರಿಚಯದವರು. ಫಲಿತಾಂಶ ಖಚಿತಪಡಿಸಿದ್ದೀರಾ, ರೋಗಿಗೆ ತಿಳುವಳಿಕೆ ಕೊಟ್ಟಿದ್ದೀರಾ ಎಂದು ನಾನು ಕೇಳುತ್ತಿಲ್ಲ; ಮದುವೆಯ ವಿಷಯ ಆಪರೇಷನ್ ಮಾಡಿದ ಡಾಕ್ಟರಿಗೆ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ’ ಎಂದರೆ ಸಾಕು. ಇದು ಗುಟ್ಟು ಬಿಟ್ಟುಕೊಟ್ಟಂತಲ್ಲ. ರೋಗಿಯ ಮಾಹಿತಿ ಈಗಾಗಲೇ ಯಾರ ಬಳಿ ಇದೆಯೋ ಅವರಿಗೆ, ಅವರಿಗೆ ತಿಳಿಯದಿದ್ದ ಒಂದು ಸಂಗತಿಯನ್ನು ನೀವು ಸೇರಿಸುತ್ತಿದ್ದೀರಿ, ಅಷ್ಟೆ. ವೈದ್ಯರ ನಡತೆಯನ್ನು ಕುರಿತ 2002ರ ನಿಯಮಾವಳಿಯು ರೋಗಿಯ ಗುಟ್ಟನ್ನು ಕಾಪಾಡಬೇಕೆಂದು ಕಟ್ಟುನಿಟ್ಟಾಗಿ ಹೇಳುತ್ತಲೇ, ನಿರ್ದಿಷ್ಟ ವ್ಯಕ್ತಿಯೊಬ್ಬರಿಗೆ ಗಂಭೀರವಾದ ಅಪಾಯವಿದ್ದಾಗ ವೈದ್ಯರಿಗೆ ವಿನಾಯಿತಿ ಕೊಡುತ್ತದೆ. ರೋಗಿಯನ್ನು ಕರೆಸಿ, ‘ನೀವೇ ಹೇಳಿ, ಇಬ್ಬರೂ ಬನ್ನಿ’ ಎಂದು ಮನವೊಲಿಸುವುದು, ಆಗದಿದ್ದರೆ ಮುಂದಿನ ಹೆಜ್ಜೆಯನ್ನು ಯೋಚಿಸುವುದು ಅವರ ಕೆಲಸ. ಇದೇ ಎಚ್.ಐ.ವಿ. ಆಗಿದ್ದಿದ್ದರೆ 2017ರ ಕಾಯ್ದೆ ಇನ್ನೂ ಸ್ಪಷ್ಟ: ಸಂಗಾತಿಗೆ ತಿಳಿಸುವುದಿದ್ದರೆ ಅದು ವೈದ್ಯರು ಅಥವಾ ಆಪ್ತಸಮಾಲೋಚಕರು ಮಾತ್ರ, ಅದೂ ಹಲವು ಷರತ್ತುಗಳಿಗೆ ಒಳಪಟ್ಟು.

ಅಲ್ಲಿಗೆ ನಿಮ್ಮ ಪಾತ್ರ ಮುಗಿಯುತ್ತದೆ, ಕಷ್ಟ ಶುರುವಾಗುವುದು ಆಮೇಲೆ. ಆ ವೈದ್ಯರು ಏನು ಮಾಡಿದರು ಎಂದು ನಿಮಗೆ ಹೇಳಬೇಕಾಗಿಲ್ಲ, ನೀವು ಕೇಳುವಂತೆಯೂ ಇಲ್ಲ. ಗೆಳತಿಯ ಮುಖ ನೋಡಿ ‘ಗೊತ್ತಾಗಿದೆಯೋ ಇಲ್ಲವೋ’ ಎಂದು ಅಳೆಯುವ ಆಸೆ ಬರುತ್ತದೆ. ‘ಮದುವೆಗೆ ಮುಂಚೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳೇ’ ಎಂದು ತಮಾಷೆಯ ಧಾಟಿಯಲ್ಲಿ ಅಂದುಬಿಡೋಣ ಎನ್ನಿಸುತ್ತದೆ. ಲ್ಯಾಬಿನಲ್ಲಿ ಕೆಲಸ ಮಾಡುವವಳ ಬಾಯಿಂದ ಆ ಮಾತು ಬಂದರೆ ಪೂರ್ತಿ ಹೇಳಿದಂತೆಯೇ. ಹೇಳಲೇಬೇಡಿ.

ಒಂದು ವಿಷಯಕ್ಕೆ ಮಾತ್ರ ನಿಮ್ಮನ್ನು ಗದರಲೇಬೇಕು. ಪಾಳಿಯಲ್ಲಿದ್ದಾಗ ಕೈಗೆ ಬಂದ ಟ್ಯೂಬನ್ನು ಪರೀಕ್ಷಿಸಿ ಫಲಿತಾಂಶ ಕಂಡದ್ದು ನಿಮ್ಮ ಕೆಲಸ. ಮರುದಿನ ಅದೇ ದಾಖಲೆಯನ್ನು ಮತ್ತೆ ತೆರೆದು ವಿಳಾಸ ನೋಡಿದ್ದು ನಿಮ್ಮ ಕೆಲಸವಲ್ಲ. ಗೆಳತಿಯ ಮೇಲಿನ ಕಾಳಜಿಯಿಂದಲೇ ನೋಡಿದಿರಿ, ಸರಿ. ಆದರೆ ಕುತೂಹಲಕ್ಕೆ ನೋಡುವವರೂ ಅದೇ ಪರದೆಯನ್ನು ತೆರೆಯುತ್ತಾರೆ, ಯಾರು ಯಾವಾಗ ತೆರೆದರು ಎಂಬುದು ಅನೇಕ ಆಸ್ಪತ್ರೆಗಳ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ. ವೈದ್ಯರನ್ನು ಕಾಣುವಾಗ ಇದನ್ನೂ ನೀವೇ ಹೇಳಿಬಿಡಿ. ಒಂದು ಬೈಗುಳ ಬಿದ್ದರೆ ಬೀಳಲಿ.

ಇನ್ನು ಕೆಲಸ ಬಿಡುವ ಮಾತು. ರಾಜೀನಾಮೆ ಕೊಟ್ಟರೆ ತಿಳಿದದ್ದು ತಿಳಿಯದೆ ಹೋಗುವುದಿಲ್ಲ, ಗುಟ್ಟು ಕಾಯುವ ಹೊಣೆಯೂ ಬಿಡುವುದಿಲ್ಲ. ಮೈಸೂರಿನಂಥ ಊರಿನಲ್ಲಿ, ಅದರಲ್ಲೂ ಒಂದೇ ಧರ್ಮಕೇಂದ್ರದ ನೂರಾರು ಮನೆಗಳಿಗೆ ನಿಮ್ಮ ಪರಿಚಯವಿರುವಾಗ, ಪರಿಚಿತರ ಹೆಸರಿನ ಟ್ಯೂಬು ಇನ್ನೂ ಎಷ್ಟೋ ಸಲ ನಿಮ್ಮ ರ್‍ಯಾಕಿಗೆ ಬರುತ್ತದೆ. ನರ್ಸ್ ಆಗಿದ್ದರೂ ಇದು ತಪ್ಪುತ್ತಿರಲಿಲ್ಲ ಎಂದು ಅಮ್ಮನಿಗೆ ಹೇಳಬಹುದು. ಅಮ್ಮನ ಮಾತಿನ ಹಿಂದಿರುವುದು ಬೇರೆ: 1906ರಿಂದಲೂ ಮಿಷನ್ ಆಸ್ಪತ್ರೆಯನ್ನು ಕಂಡಿರುವ ಊರಿದು, ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಸೇವೆ ಎಂದೊಡನೆ ಕಣ್ಣಿಗೆ ಕಟ್ಟುವುದು ಹಾಸಿಗೆಯ ಪಕ್ಕದಲ್ಲಿ ನಿಂತ ನರ್ಸ್. ಲ್ಯಾಬಿನವರನ್ನು ರೋಗಿಯ ಕಡೆಯವರು ನೋಡುವುದು ಸೂಜಿ ಚುಚ್ಚುವಾಗ, ಇಲ್ಲವೇ ರಿಪೋರ್ಟ್ ತಡವಾದಾಗ. ಆದರೆ ಸಹಾಯಕ ಮತ್ತು ಆರೋಗ್ಯ ವೃತ್ತಿಪರರಿಗಾಗಿ ಬಂದ 2021ರ ರಾಷ್ಟ್ರೀಯ ಆಯೋಗದ ಕಾಯ್ದೆ ನಿಮ್ಮ ವೃತ್ತಿಯನ್ನು ಆರೋಗ್ಯ ವೃತ್ತಿಗಳ ಪಟ್ಟಿಯಲ್ಲಿ ಸೇರಿಸಿದೆ. ನೋಂದಣಿ, ದರ್ಜೆಯ ಜೊತೆಗೆ ನಡತೆಯ ಹೊಣೆಯೂ ಬರುತ್ತದೆ. ಲ್ಯಾಬುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಎನ್.ಎ.ಬಿ.ಎಲ್. ಸಂಸ್ಥೆಯ ಮಾನ್ಯತೆ ಬೇಕೆನ್ನುವ ಲ್ಯಾಬುಗಳು ಪಾಲಿಸಬೇಕಾದ ಐ.ಎಸ್.ಒ. 15189 ಮಾನದಂಡದಲ್ಲಿ ಗೋಪ್ಯತೆಗೆಂದೇ ನಿಯಮಗಳಿವೆ. ಡಿಪ್ಲೊಮಾದ ಮೇಲೆ ಬಿ.ಎಸ್‌ಸಿ. ಎಂ.ಎಲ್.ಟಿ. ಮಾಡಿಕೊಂಡರೆ ಗುಣಮಟ್ಟ ವಿಭಾಗದತ್ತ, ಬೋಧನೆಯತ್ತ ದಾರಿಯಿದೆ. ಒಂದು ಫಲಿತಾಂಶ ಇಷ್ಟು ದಿನ ನಿಮ್ಮ ನಿದ್ದೆ ಕೆಡಿಸಿದೆ ಎಂದರೆ, ಅದನ್ನು ಬರೀ ನಂಬರು ಎಂದುಕೊಳ್ಳುವವರ ಕೈಗೆ ಆ ಕೆಲಸ ಹೋಗುವುದಕ್ಕಿಂತ ನಿಮ್ಮ ಕೈಯಲ್ಲಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ನಿಮಗೂ ಒಂದು ಮಾತು: ರಕ್ತದ ನಡುವೆ ಕೆಲಸ ಮಾಡುವ ನೀವು ಇದೇ ಲಸಿಕೆಯ ಮೂರೂ ಡೋಸ್ ಮುಗಿಸಿ, ರಕ್ಷಣೆ ಬಂದಿದೆಯೇ ಎಂದು ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿದ್ದೀರಾ? ಇಲ್ಲದಿದ್ದರೆ ಈ ವಾರವೇ ಶುರುಮಾಡಿ.

ಮದುವೆಯ ದಿನ ಹಾಡಬೇಕೇ ಎಂದು ನೀವು ಕೇಳಿಲ್ಲ, ಆದರೆ ತಪ್ಪಿಸಿಕೊಳ್ಳುವ ಯೋಚನೆ ಇರಬಹುದು. ತಪ್ಪಿಸಿಕೊಂಡರೆ ‘ಅವಳ್ಯಾಕೆ ಬರಲಿಲ್ಲ’ ಎಂದು ಕೇಳುವವರು ಗಾನವೃಂದದಲ್ಲೇ ಇದ್ದಾರೆ, ನೀವು ಕೊಡುವ ಉತ್ತರದಿಂದಲೇ ಇಲ್ಲದ ಅನುಮಾನ ಹುಟ್ಟುತ್ತದೆ. ಹೋಗಿ, ಹಾಡಿ, ಊಟ ಮಾಡಿಕೊಂಡು ಬನ್ನಿ. ಶಾಲೆಯವರಿಗೆ ಒಂದು ತಿಂಗಳ ಸಮಯ ಕೇಳಿ. ಆ ಕೆಲಸ ನಿಮಗೆ ನಿಜವಾಗಿ ಇಷ್ಟವೇ, ಸಂಬಳ ಎಷ್ಟು, ಕಾಯಂ ಆಗುವುದೇ ಎಂಬುದನ್ನು ಮದುವೆಯ ಗದ್ದಲ ಮುಗಿದ ಮೇಲೆ ಅಮ್ಮನೊಂದಿಗೆ ಕೂತು ಲೆಕ್ಕ ಹಾಕಿ.